ಮೊತ್ತ 180 ಬಂತು, ಆದರೂ ಉತ್ತರ ತಪ್ಪು: ಸಮದ್ವಿಬಾಹು ತ್ರಿಭುಜ ಮತ್ತು ತ್ರಾಪಿಜ್ಯದ ಕೋನಗಳಲ್ಲಿ ದೋಷ ಹುಡುಕುವ ಬಗೆ

ಹಗಲು ನಾನು ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತೇನೆ. ಸಂಜೆ ಅದೇ ಅಂಗಡಿಯ ಮಾಳಿಗೆ ಮೇಲೆ 8, 9, 10ನೇ ತರಗತಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಕಲಬುರಗಿ ಬಿಸಿಲಿಗೆ ಮಾಳಿಗೆ ಕಲ್ಲು ತಣ್ಣಗಾಗುವುದು ಏಳರ ಮೇಲೆ. ಅಲ್ಲಿಯವರೆಗೆ ಮಕ್ಕಳು ಅಂಗಡಿಯಲ್ಲೇ ಕೂತು ನನ್ನ ಕೆಲಸ ನೋಡುತ್ತಿರುತ್ತಾರೆ. ಮೋಟಾರು ಗುಂಯ್ ಅನ್ನುತ್ತೆ, ತಿರುಗಲ್ಲ. ತಂದವರು "ವೈಂಡಿಂಗ್ ಸುಟ್ಟಿರಬೇಕು ನೋಡ್ರಿ" ಅನ್ನುತ್ತಾರೆ. ನಾನು ಮೊದಲು ಕೆಪಾಸಿಟರ್ ನೋಡುತ್ತೇನೆ. ಬಹಳ ಸಲ ದೋಷ ಅಲ್ಲೇ ಇರುತ್ತದೆ.

ಮಕ್ಕಳ ಲೆಕ್ಕದ ಕತೆಯೂ ಹೀಗೇ. ಉತ್ತರ ತಪ್ಪಿದರೆ ಮನೆಯವರು "ಕೂಡೋದು ಕಳೆಯೋದು ಬರಲ್ಲ" ಅನ್ನುತ್ತಾರೆ. ಕೂಡಿದ್ದು ಸರಿಯಾಗಿಯೇ ಇರುತ್ತದೆ. ದೋಷ ಅದಕ್ಕಿಂತ ಮುಂಚೆ ಎಲ್ಲೋ ಆಗಿರುತ್ತದೆ.

ಒಂದು ಉದಾಹರಣೆ. ಹುಡುಗಿಯೊಬ್ಬಳ ನೋಟ್‌ಬುಕ್ಕಿನಲ್ಲಿ ಈ ಲೆಕ್ಕ ಇತ್ತು: ತ್ರಿಭುಜ ಎಬಿಸಿಯಲ್ಲಿ ಎಬಿ = ಬಿಸಿ, ಕೋನ ಬಿ = 50°. ಉಳಿದ ಎರಡು ಕೋನ ಎಷ್ಟು? ಅವಳು ಬರೆದದ್ದು: ಕೋನ ಸಿ = 50°, ಕೋನ ಎ = 80°. ತಪ್ಪು ಅಂದೆ. "ಸರ, ಮೂರೂ ಕೂಡಿದ್ರ 180 ಬರೋಬರಿ ಬರ್ತದ, ನೋಡ್ರಿ" ಅಂದಳು. ಹೌದು, ಬರುತ್ತದೆ. ಆದರೂ ತಪ್ಪೇ. ಸರಿ ಉತ್ತರ ಎ = 65°, ಸಿ = 65°.

ಕರೆಂಟಿನ ಟೆಸ್ಟರ್ ಗೊತ್ತಲ್ಲ? ಸ್ವಿಚ್‌ಬೋರ್ಡಿಗೆ ಚುಚ್ಚಿದರೆ ಕೆಂಪಗೆ ಹತ್ತುತ್ತದೆ. ಫೇಸ್ ಇದೆ ಅಂತಷ್ಟೇ ಅದು ಹೇಳುತ್ತದೆ. ನ್ಯೂಟ್ರಲ್ ಕಟ್ಟಾಗಿದ್ದರೂ ಟೆಸ್ಟರ್ ಹತ್ತುತ್ತದೆ, ಫ್ಯಾನ್ ಮಾತ್ರ ತಿರುಗಲ್ಲ. ಕೋನಗಳ ಮೊತ್ತ ನೋಡುವುದೂ ಅಂಥದ್ದೇ ಟೆಸ್ಟರ್. ತ್ರಿಭುಜಕ್ಕೆ 180, ಚತುರ್ಭುಜಕ್ಕೆ 360 ಬಂದರೆ ಕೂಡಿದ್ದು ಸರಿ ಅಂತ ಗೊತ್ತಾಗುತ್ತದೆ. ಯಾವ ಕೋನ ಯಾವ ಮೂಲೆಯಲ್ಲಿ ಕೂರಬೇಕು ಅನ್ನೋದು ಅದಕ್ಕೆ ತಿಳಿಯಲ್ಲ. ಈ ಪಾಠದಲ್ಲಿ ನಾನು ಕಂಡ ತಪ್ಪುಗಳಲ್ಲಿ ಜಾಸ್ತಿ ಪಾಲು ಈ ಟೆಸ್ಟರ್ ದಾಟಿ ಹೋಗುವಂಥವು. ಹಾಗಾಗಿ ಬೇರೆ ಪರೀಕ್ಷೆಗಳು ಬೇಕು.

ದೋಷ: ಪಾದ ಯಾವಾಗಲೂ ಕೆಳಗಡೆ ಇರುತ್ತದೆ ಅನ್ನುವ ನಂಬಿಕೆ

ಆ ಹುಡುಗಿಯ ತಪ್ಪು ಇದೇ. ಪಾದ ಅಂದರೆ ಎರಡು ಸಮ ಬಾಹು ಬಿಟ್ಟು ಉಳಿದ ಮೂರನೇ ಬಾಹು. ನಾವು ಬೋರ್ಡಿನ ಮೇಲೆ ಸಮದ್ವಿಬಾಹು ತ್ರಿಭುಜ ಬರೆದಾಗಲೆಲ್ಲ ಎ ಮೇಲೆ, ಬಿ ಮತ್ತು ಸಿ ಕೆಳಗೆ ಬರೆಯುತ್ತೇವೆ. ನೂರು ಸಲ ಹಾಗೇ ನೋಡಿದ ಮಗು, ಕೆಳಗಿನ ಎರಡು ಕೋನ ಸಮ ಅಂತ ಕಲಿಯುತ್ತದೆ. ನಿಯಮ ಹೇಳುವುದು ಬೇರೆ: ಸಮ ಬಾಹುಗಳ ಎದುರಿಗಿರುವ ಕೋನಗಳು ಸಮ. ಮೇಲೆ ಕೆಳಗೆ ಅನ್ನುವ ಮಾತೇ ಅದರಲ್ಲಿಲ್ಲ.

ಪರೀಕ್ಷೆ ಸುಲಭ. ಚಿತ್ರ ನೋಡಬೇಡಿ, ಅಕ್ಷರ ನೋಡಿ. ಎಬಿ = ಬಿಸಿ ಅಂತ ಕೊಟ್ಟಿದ್ದಾರೆ. ಎರಡರಲ್ಲೂ ಇರುವ ಅಕ್ಷರ ಯಾವುದು? ಬಿ. ಅದೇ ಶೃಂಗ, ಅಂದರೆ ಸಮ ಬಾಹುಗಳು ಕೂಡುವ ಮೂಲೆ. ಉಳಿದ ಎ ಮತ್ತು ಸಿ ಪಾದಕೋನಗಳು, ಅವೆರಡೇ ಸಮ. ಪಿಕ್ಯೂ = ಪಿಆರ್ ಅಂದರೆ ಪಿ ಶೃಂಗ. ಚಿತ್ರ ತಲೆಕೆಳಗಿದ್ದರೂ, ಓರೆ ಇದ್ದರೂ, ಇಲ್ಲದೇ ಇದ್ದರೂ ಈ ಪರೀಕ್ಷೆ ನಡೆಯುತ್ತದೆ.

ಹೆಸರಿನಲ್ಲೂ ಸುಳಿವಿದೆ. ದ್ವಿಬಾಹು ಅಂದರೆ ಎರಡು ತೋಳು. ನನ್ನ ಹತ್ತಿರ ಬರುವ ಉರ್ದು ಮಾಧ್ಯಮದ ಹುಡುಗರು ಇದನ್ನು ಮುಸಾವಿ-ಉಸ್-ಸಾಕೈನ್ ಅನ್ನುತ್ತಾರೆ, ಎರಡು ಸಮ ಕಾಲಿನದು ಅಂತ ಅರ್ಥ. ಇಂಗ್ಲಿಷಿನ ಐಸೋಸೆಲಿಸ್ ಕೂಡ ಗ್ರೀಕಿನ ಸಮ ಕಾಲಿನಿಂದಲೇ ಬಂದದ್ದು. ತೋಳೋ ಕಾಲೋ, ಎರಡು ಸಮ ಬಾಹು ಕೂಡುವ ಜಾಗ ಒಂದೇ. ಮನುಷ್ಯ ನಿಂತಿರಲಿ, ಹಾಸಿಗೆ ಮೇಲೆ ಅಡ್ಡ ಬಿದ್ದಿರಲಿ, ಕಾಲು ಕೂಡೋದು ಸೊಂಟದಲ್ಲೇ ಅಲ್ವಾ?

ಉತ್ತರ ಬಂದ ಮೇಲೆ ಇನ್ನೊಂದು ತಿರುಗು ಪರೀಕ್ಷೆ ಮಾಡಿ: ಕೋನದಿಂದ ಬಾಹುವಿಗೆ ವಾಪಸ್ ಹೋಗಿ. ಕೋನದ ಅಕ್ಷರ ಬಿಟ್ಟರೆ ಉಳಿಯುವ ಎರಡು ಅಕ್ಷರವೇ ಅದರ ಎದುರಿನ ಬಾಹು. ಹುಡುಗಿಯ ಉತ್ತರದಲ್ಲಿ ಬಿ ಮತ್ತು ಸಿ ಸಮ. ಬಿ ಎದುರು ಎಸಿ, ಸಿ ಎದುರು ಎಬಿ. ಅಂದರೆ ಅವಳ ತ್ರಿಭುಜದಲ್ಲಿ ಎಸಿ = ಎಬಿ. ಪ್ರಶ್ನೆಯಲ್ಲಿದ್ದದ್ದು ಎಬಿ = ಬಿಸಿ. ಅವಳು ಬಿಡಿಸಿದ್ದು ಬೇರೆಯೇ ತ್ರಿಭುಜ! ಮೊತ್ತ ಹಿಡಿಯದ ತಪ್ಪನ್ನು ಇದು ಒಂದೇ ಏಟಿಗೆ ಹಿಡಿಯಿತು.

ಇಷ್ಟಾದರೂ ನಂಬದ ಮಕ್ಕಳಿಗೆ ಹಳೇ ಪೇಪರಿನಲ್ಲಿ ತ್ರಿಭುಜ ಕತ್ತರಿಸಿ ಕೊಡುತ್ತೇನೆ. ಸಮ ಬಾಹುಗಳು ಒಂದರ ಮೇಲೊಂದು ಕೂರುವಂತೆ ಮಡಚಿದರೆ ಎರಡು ಪಾದಕೋನ ಕಚ್ಚಿಕೊಂಡು ಕೂರುತ್ತವೆ. ಯೂಕ್ಲಿಡ್ ಈ ಮಾತನ್ನು ಸಾಧಿಸಲು ಉದ್ದ ದಾರಿ ಹಿಡಿದ. ಅದಕ್ಕೆ ಮುಂದಿನವರು 'ಕತ್ತೆಗಳ ಸೇತುವೆ' ಅಂತ ಅಡ್ಡಹೆಸರು ಇಟ್ಟರು, ದಡ್ಡರು ದಾಟಲಾಗದ ಜಾಗ ಅಂತ. ನನಗೆ ಆ ಹೆಸರು ಹಿಡಿಸಲ್ಲ. ಪೇಪರ್ ಮಡಚಿದರೆ ಯಾರು ಬೇಕಾದರೂ ದಾಟಬಹುದು.

ದೋಷ: ಕೊಟ್ಟ ಕೋನ ಎಲ್ಲಿಯದು ಅಂತ ನೋಡದೆ ಅರ್ಧ ಮಾಡುವುದು

ಶೃಂಗ 40° ಇದ್ದರೆ 180ರಲ್ಲಿ 40 ಕಳೆದು ಅರ್ಧ ಮಾಡಿ, ಪಾದಕೋನ 70° ಆಗುತ್ತದೆ. ಪಾದಕೋನ 40° ಇದ್ದರೆ ಎರಡರಿಂದ ಗುಣಿಸಿ 180ರಲ್ಲಿ ಕಳೆಯಿರಿ, ಶೃಂಗ 100°. ಒಂದರಲ್ಲಿ ಭಾಗಿಸುವುದು, ಇನ್ನೊಂದರಲ್ಲಿ ಗುಣಿಸುವುದು. ಅದಲು ಬದಲು ಆಗುವುದು ಇಲ್ಲೇ.

"ಸಮದ್ವಿಬಾಹು ತ್ರಿಭುಜದ ಒಂದು ಕೋನ 50°" ಅಂತಷ್ಟೇ ಕೊಟ್ಟಿದ್ದರೆ? ಎರಡು ಉತ್ತರ ಬರೆಯಬೇಕು. 50, 65, 65 ಒಂದು. 50, 50, 80 ಇನ್ನೊಂದು. ಕೊಟ್ಟ ಕೋನ 90° ಅಥವಾ ಹೆಚ್ಚು ಇದ್ದರೆ ಅದು ಶೃಂಗವೇ, ಒಂದೇ ಉತ್ತರ. ಅಂಥ ಎರಡು ಪಾದಕೋನ ಒಂದು ತ್ರಿಭುಜದಲ್ಲಿ ಹಿಡಿಸುವುದೇ ಇಲ್ಲ. 60° ಕೊಟ್ಟರೆ ಹೇಗೆ ಹಿಡಿದರೂ ಮೂರೂ 60.

ಇಲ್ಲಿ ನನ್ನದೇ ಒಂದು ಮರ್ಯಾದೆ ಹೋದ ಕತೆ ಇದೆ. ಪಕ್ಕದ ವೆಲ್ಡಿಂಗ್ ಅಂಗಡಿಯ ಅಣ್ಣ ಪತ್ರಾ ಶೆಡ್ಡಿಗೆ ಎರಡು ಕಡೆ ಸಮ ಇಳಿಜಾರಿನ ತ್ರಿಕೋನ ಚೌಕಟ್ಟು ಮಾಡುತ್ತಿದ್ದ. ಮೇಲಿನ ಕೋನ 120°. "ಕೆಳಗ ಎಷ್ಟಕ್ಕ ಕಟ್ ಮಾಡ್ಲಿ ಸರ?" ಅಂತ ಕೇಳಿದ. ನಾನು ಬೇರಿಂಗ್ ಹೊಡೆಯುತ್ತಾ, ತಲೆ ಎತ್ತದೆ "ಅರವತ್ತು" ಅಂದೆ. 120ರ ಅರ್ಧ ನಾಲಿಗೆ ಮೇಲೆ ಬಂದುಬಿಟ್ಟಿತ್ತು. ಶೃಂಗದ ಅರ್ಧವೇ ಬೇರೆ, ಪಾದಕೋನವೇ ಬೇರೆ. ನಡುವೆ ನೇರ ಗೆರೆ ಇಳಿಸಿದರೆ ಸಿಗುವ ಅರ್ಧ ತ್ರಿಭುಜದಲ್ಲಿ ಮೇಲೆ 60, ಗೆರೆಯ ಬುಡದಲ್ಲಿ 90, ಮೂಲೆಯಲ್ಲಿ 30. ಅವನಿಗೆ ಬೇಕಿದ್ದದ್ದು 30. ಎರಡು ಪೈಪು ದಂಡ ಆದವು. ದುಡ್ಡು ನಾನೇ ಕೊಟ್ಟೆ. ಈಗಲೂ ನನ್ನನ್ನು ನೋಡಿದರೆ "ಅರವತ್ತ ಸರ್" ಅನ್ನುತ್ತಾನೆ.

ಸಣ್ಣ ದೋಷಗಳು ಎರಡು

ಬಾಹ್ಯಕೋನ ಕೊಟ್ಟಾಗ ಅದನ್ನೇ ಒಳಗಿನ ಕೋನ ಅಂತ ತಿಳಿಯುವುದು. ಬಾಹುವನ್ನು ಮುಂದಕ್ಕೆ ಎಳೆದಿದ್ದಾರಾ ನೋಡಿ. ಪಾದದ ಮೂಲೆಯಲ್ಲಿ ಹೊರಗೆ 110° ಇದ್ದರೆ ಒಳಗೆ 70, ಶೃಂಗ 40. ಶೃಂಗದ ಹತ್ತಿರ ಹೊರಗೆ 110° ಇದ್ದರೆ ಅದು ಎರಡೂ ಪಾದಕೋನಗಳ ಮೊತ್ತ, ತಲಾ 55.

ಇನ್ನೊಂದು, ಕೋನಮಾಪಕ ಇಟ್ಟು ಅಳೆದು ಉತ್ತರ ಬರೆಯುವುದು. ಲಕ್ಷಣ: 68, 71 ಥರದ ಉತ್ತರ. ಪುಸ್ತಕದ ಚಿತ್ರ ಅಳತೆಗೆ ತಕ್ಕಂತೆ ಇರಬೇಕೆಂದೇನಿಲ್ಲ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೋ ಆಗಿದ್ದರಂತೂ ಕೇಳಲೇಬೇಡಿ. 70ರ ಜಾಗದಲ್ಲಿ 110 ಬಂದರೆ ಮಾಪಕದ ಎರಡು ಸಾಲಿನಲ್ಲಿ ಒಂದರ ಬದಲು ಇನ್ನೊಂದನ್ನು ಓದಿದ್ದಾರೆ, ಅಷ್ಟೇ.

ತ್ರಾಪಿಜ್ಯ: ಯಾವ ಜೋಡಿ ಸಮ, ಯಾವ ಜೋಡಿ 180?

ತ್ರಾಪಿಜ್ಯ ಅಂದರೆ ಒಂದು ಜೋಡಿ ಬಾಹು ಮಾತ್ರ ಸಮಾಂತರ ಇರುವ ಚತುರ್ಭುಜ. ಆ ಸಮಾಂತರ ಬಾಹುಗಳೇ ಅದರ ಪಾದಗಳು. ತ್ರಿಭುಜದಲ್ಲಿ ಒಂದು ಜೋಡಿ ನೆನಪಿಟ್ಟರೆ ಸಾಕಿತ್ತು. ಇಲ್ಲಿ ಎರಡು ಜೋಡಿ ಇವೆ, ಅದಕ್ಕೇ ಗೋಜಲು.

ಎಬಿಸಿಡಿ ಸಮದ್ವಿಬಾಹು ತ್ರಾಪಿಜ್ಯ. ಎಬಿ ಮತ್ತು ಡಿಸಿ ಸಮಾಂತರ, ಎಡಿ = ಬಿಸಿ, ಕೋನ ಎ = 65°. ಹತ್ತರಲ್ಲಿ ಮೂರ್ನಾಲ್ಕು ಮಕ್ಕಳು ಬರೆಯುವ ಉತ್ತರ: ಬಿ = 115, ಸಿ = 65, ಡಿ = 115. ಮೊತ್ತ 360! ಟೆಸ್ಟರ್ ಹತ್ತಿತು. ಆದರೆ ಎ ಮತ್ತು ಬಿ ಕೂಡಿ 180 ಆದರೆ ಎಡಿ ಮತ್ತು ಬಿಸಿ ಕೂಡ ಸಮಾಂತರ ಆಗಿಬಿಡುತ್ತವೆ. ಅಂದರೆ ತ್ರಾಪಿಜ್ಯ ಹೋಗಿ ಸಾಮಾನ್ಯ ಸಮಾಂತರ ಚತುರ್ಭುಜ ಬಂತು. ಸರಿ ಉತ್ತರ ಎ = ಬಿ = 65, ಸಿ = ಡಿ = 115. ಅವೇ ಸಂಖ್ಯೆಗಳು, ಕೂತ ಮೂಲೆ ಬೇರೆ.

ಇಲ್ಲೂ ಅಕ್ಷರದ ಪರೀಕ್ಷೆಯೇ ಕೈ ಹಿಡಿಯುತ್ತದೆ. ಸಮಾಂತರ ಬಾಹುಗಳನ್ನು ಬರೆಯಿರಿ: ಎಬಿ, ಡಿಸಿ. ಉಳಿದವು ಎಡಿ, ಬಿಸಿ. ಇವು ಓರೆ ಬಾಹುಗಳು. ಓರೆ ಬಾಹುವಿನ ಎರಡು ತುದಿಯ ಕೋನ ಕೂಡಿದರೆ 180. ಎ + ಡಿ = 180, ಬಿ + ಸಿ = 180. ಇದು ಎಲ್ಲ ತ್ರಾಪಿಜ್ಯಕ್ಕೂ ನಿಜ. ಸಮಾಂತರ ಬಾಹುವಿನ ಎರಡು ತುದಿಯ ಕೋನ ಸಮ ಆಗುವುದು ಸಮದ್ವಿಬಾಹು ಆಗಿದ್ದರೆ ಮಾತ್ರ.

ಯಾಕೆ 180 ಅಂತ ಕೇಳಿದರೆ ನಾನು ನೆಲ ತೋರಿಸುತ್ತೇನೆ. ನಮ್ಮ ಮಾಳಿಗೆಗೆ ಶಹಾಬಾದ್ ಕಲ್ಲು ಹಾಸಿದೆ. ಈ ಕಡೆ ಹಳೇ ಮನೆಗಳಲ್ಲೆಲ್ಲ ಅದೇ ಫರ್ಸಿ, ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆಯ ಗಣಿಯದು. ಕಲ್ಲಿನ ಎರಡು ಸಂದು ಗೆರೆ ಸಮಾಂತರವಾಗಿ ಓಡುತ್ತವೆ. ಅವುಗಳ ಮೇಲೆ ಒಂದು ಕೋಲು ಓರೆಯಾಗಿ ಇಡಿ. ಕೋಲಿನ ಒಂದೇ ಮಗ್ಗುಲಲ್ಲಿ, ಎರಡು ಗೆರೆಯ ನಡುವೆ ಎರಡು ಕೋನ ಸಿಗುತ್ತವೆ. ಕೋಲು ತಿರುಗಿಸಿದಂತೆ ಒಂದು ಹಿಗ್ಗುತ್ತದೆ, ಇನ್ನೊಂದು ಅಷ್ಟೇ ಕುಗ್ಗುತ್ತದೆ. ಕೋಲು ನೆಟ್ಟಗಾದಾಗ ಎರಡೂ 90. ಈಗ ಇನ್ನೊಂದು ಕೋಲು ಆ ಕಡೆ ಬೇರೆ ಓರೆಯಲ್ಲಿ ಇಟ್ಟರೆ ತ್ರಾಪಿಜ್ಯ ಸಿದ್ಧ. ಮೊದಲ ಕೋಲು ತಿರುಗಿಸಿದರೆ ಎರಡನೇ ಕೋಲಿನ ಕೋನಕ್ಕೆ ಏನೂ ಆಗಲ್ಲ. ಇದನ್ನು ಕೈಯಲ್ಲಿ ಮಾಡಿ ನೋಡಿದ ಮಕ್ಕಳು ಮತ್ತೆ ಎ + ಬಿ = 180 ಬರೆದದ್ದನ್ನು ನಾನು ಕಂಡಿಲ್ಲ.

ಬೀಜಗಣಿತ ಸೇರಿದಾಗ ಇದೇ ದೋಷ ವೇಷ ಹಾಕಿ ಬರುತ್ತದೆ. ಎಬಿ ಮತ್ತು ಡಿಸಿ ಸಮಾಂತರ, ಕೋನ ಎ = 2ಎಕ್ಸ್ + 10, ಕೋನ ಡಿ = 3ಎಕ್ಸ್ − 5. ಎರಡನ್ನೂ ಸಮ ಅಂತ ಹಾಕಿದರೆ ಎಕ್ಸ್ = 15, ಎರಡೂ 40°. ಕೂಡಿದರೆ 80. ಓರೆ ಬಾಹು ಎಡಿ ತುದಿಗಳು 180 ಕೊಡಲಿಲ್ಲ, ದೋಷ ಸಿಕ್ಕಿತು. ಕೂಡಿ 180 ಅಂತ ಹಾಕಿ: 5ಎಕ್ಸ್ + 5 = 180, ಎಕ್ಸ್ = 35. ಎ = 80°, ಡಿ = 100°.

ಸಮದ್ವಿಬಾಹು ತ್ರಾಪಿಜ್ಯಕ್ಕೆ ಇನ್ನೊಂದು ಒಳ್ಳೆಯ ಟೆಸ್ಟರ್ ಇದೆ. ಎದುರು ಬದುರು ಕೋನ ಕೂಡಿ. 180 ಬರಬೇಕು. ಮೇಲಿನ ಸರಿ ಉತ್ತರದಲ್ಲಿ ಎ + ಸಿ = 65 + 115 = 180. ತಪ್ಪು ಉತ್ತರದಲ್ಲಿ 65 + 65 = 130. 360ರ ಟೆಸ್ಟರ್ ಹಿಡಿಯದ್ದನ್ನು ಇದು ಹಿಡಿಯುತ್ತದೆ.

ದೋಷ: ಕೊಡದೇ ಇದ್ದದ್ದನ್ನು ಊಹಿಸುವುದು

"ಎಬಿಸಿಡಿ ತ್ರಾಪಿಜ್ಯ, ಎಬಿ ಮತ್ತು ಡಿಸಿ ಸಮಾಂತರ, ಎ = 70°." ಇಷ್ಟೇ ಕೊಟ್ಟರೆ ಡಿ = 110° ಅಂತ ಮಾತ್ರ ಹೇಳಬಹುದು. ಬಿ ಎಷ್ಟು? ಹೇಳಲಾಗದು. ಚಿತ್ರ ಎರಡು ಕಡೆ ಸಮ ಕಾಣುತ್ತದೆ ಅಂತ ಬಿ = 70 ಬರೆಯುವಂತಿಲ್ಲ. ಎ = 90, ಡಿ = 90, ಬಿ = 60, ಸಿ = 120 ಇರುವುದೂ ತ್ರಾಪಿಜ್ಯವೇ. ಪ್ರಶ್ನೆಯಲ್ಲಿ ಎಡಿ = ಬಿಸಿ ಅಂತ ಇದೆಯಾ, ಚಿತ್ರದಲ್ಲಿ ಎರಡು ಓರೆ ಬಾಹುವಿನ ಮೇಲೆ ಒಂದೇ ಥರದ ಸಣ್ಣ ಗೀಟು ಇದೆಯಾ? ಇಲ್ಲದಿದ್ದರೆ ಕೈ ಕಟ್ಟಿ ಕೂರಿ.

ಇದ್ದರೆ ಎ = ಬಿ ಹೇಗೆ ಅಂತ ಕೇಳುವ ಮಕ್ಕಳಿಗೆ ಒಂದೇ ಗೆರೆ ಸಾಕು. ಸಿ ಮೂಲೆಯಿಂದ ಎಡಿಗೆ ಸಮಾಂತರವಾಗಿ ಗೆರೆ ಎಳೆಯಿರಿ, ಅದು ಉದ್ದ ಪಾದ ಎಬಿಯನ್ನು ಇ ಹತ್ತಿರ ಮುಟ್ಟಲಿ. ಎಡಗಡೆ ಸಮಾಂತರ ಚತುರ್ಭುಜ ಎಇಸಿಡಿ, ಬಲಗಡೆ ತ್ರಿಭುಜ ಸಿಇಬಿ. ಸಿಇ = ಎಡಿ = ಸಿಬಿ. ಎರಡು ಬಾಹು ಸಮ! ಸಾಮಾನ್ಯ ಅಕ್ಷರ ಸಿ, ಹಾಗಾಗಿ ಇ ಮತ್ತು ಬಿ ಹತ್ತಿರದ ಕೋನಗಳು ಸಮ. ಇ ಹತ್ತಿರದ ಕೋನ ಎಗೆ ಅನುರೂಪ ಕೋನ (ಎರಡು ಸಮಾಂತರ ಗೆರೆಗಳಲ್ಲಿ ಒಂದೇ ಸ್ಥಾನದಲ್ಲಿ ಕೂರುವ ಕೋನ, ಅವು ಸಮ), ಹಾಗಾಗಿ ಎ = ಬಿ. ತ್ರಾಪಿಜ್ಯದ ಹೊಟ್ಟೆಯಲ್ಲಿ ಸಮದ್ವಿಬಾಹು ತ್ರಿಭುಜ ಕೂತಿತ್ತು ನೋಡಿ. ಈ ಎರಡು ಪಾಠ ಬೇರೆ ಬೇರೆ ಅಲ್ಲವೇ ಅಲ್ಲ.

ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯುವವರಿಗೆ ಒಂದು ಮಾತು. ಅಮೆರಿಕದವರು 'ಟ್ರೆಪಿಜಾಯ್ಡ್' ಅನ್ನೋದೇ ನಮ್ಮ ತ್ರಾಪಿಜ್ಯ. ನಮ್ಮ ಇಂಗ್ಲಿಷ್ ಮಾಧ್ಯಮದ ಪುಸ್ತಕ ಅದನ್ನು 'ಟ್ರೆಪೀಜಿಯಂ' ಅನ್ನುತ್ತದೆ. ಅಮೆರಿಕದಲ್ಲಿ 'ಟ್ರೆಪೀಜಿಯಂ' ಅಂದರೆ ಯಾವ ಬಾಹುವೂ ಸಮಾಂತರ ಇಲ್ಲದ ಚತುರ್ಭುಜ. ಹೆಸರು ಬಿಟ್ಟು ಸಮಾಂತರದ ಬಾಣದ ಗುರುತು ನೋಡಿ.

ದೋಷ: ಕರ್ಣ ಕೋನವನ್ನು ಅರ್ಧ ಮಾಡುತ್ತದೆ ಅನ್ನುವುದು

ಎಲ್ಲಕ್ಕಿಂತ ಹಠಮಾರಿ ದೋಷ ಇದು. ಎ = 70° ಇರುವ ಸಮದ್ವಿಬಾಹು ತ್ರಾಪಿಜ್ಯದಲ್ಲಿ ಕರ್ಣ ಎಸಿ ಎಳೆದ ಕೂಡಲೇ ಮಕ್ಕಳು 35, 35 ಅಂತ ಬರೆಯುತ್ತಾರೆ. ಯಾರು ಹೇಳಿದರು? ಕೋನ ಸಿಎಬಿ 25° ಅಂತ ಕೊಟ್ಟಿದ್ದರೆ ಡಿಎಸಿ 45°. ಪರ್ಯಾಯ ಕೋನದಿಂದ (ಸಮಾಂತರ ಗೆರೆಗಳ ನಡುವೆ, ಕತ್ತರಿಸುವ ಗೆರೆಯ ಎದುರು ಮಗ್ಗುಲಲ್ಲಿರುವ ಕೋನಗಳು ಸಮ) ಡಿಸಿಎ ಕೂಡ 25°. ಡಿ = 110°. ತ್ರಿಭುಜ ಎಡಿಸಿಯಲ್ಲಿ 45 + 110 + 25 = 180, ಎಲ್ಲ ಹೊಂದಿತು. ಅರ್ಧದ ಮಾತೇ ಇಲ್ಲ.

ಹಾಗಾದರೆ ಯಾವಾಗ ಅರ್ಧ? ಎಡಿ = ಡಿಸಿ ಆದಾಗ. ಆಗ ತ್ರಿಭುಜ ಎಡಿಸಿಯ ಶೃಂಗ ಡಿ, ಪಾದಕೋನ ಡಿಎಸಿ ಮತ್ತು ಡಿಸಿಎ ಸಮ. ಡಿಸಿಎ ಪರ್ಯಾಯ ಕೋನದಿಂದ ಸಿಎಬಿಗೆ ಸಮ. ಹಾಗಾಗಿ ಎಸಿ ಕರ್ಣ ಕೋನ ಎಯನ್ನು ಸರಿಯಾಗಿ ಎರಡು ಮಾಡುತ್ತದೆ.

ಇದನ್ನು ಬಳಸುವ ಚಂದದ ಲೆಕ್ಕ ಒಂದಿದೆ. ಎಬಿ ಮತ್ತು ಡಿಸಿ ಸಮಾಂತರ, ಎಡಿ = ಡಿಸಿ = ಸಿಬಿ, ಕರ್ಣ ಎಸಿ ಮತ್ತು ಸಿಬಿ ನಡುವೆ 90°. ಕೋನಗಳೆಷ್ಟು? ಒಂದೂ ಅಳತೆ ಕೊಟ್ಟಿಲ್ಲ ಅಂತ ಮಕ್ಕಳು ಪೆನ್ನು ಕೆಳಗಿಡುತ್ತಾರೆ. ಸಿಎಬಿಯನ್ನು ಎಕ್ಸ್ ಅನ್ನಿ. ಎ = 2ಎಕ್ಸ್, ಸಮದ್ವಿಬಾಹು ಆದ್ದರಿಂದ ಬಿ = 2ಎಕ್ಸ್. ತ್ರಿಭುಜ ಎಸಿಬಿಯಲ್ಲಿ ಎಕ್ಸ್ + 2ಎಕ್ಸ್ + 90 = 180. ಎಕ್ಸ್ = 30. ಎ = ಬಿ = 60°, ಸಿ = ಡಿ = 120°. ಫುಟ್‌ಪಾತಿಗೆ ಹಾಸುವ ಆರು ಮೂಲೆಯ ಪೇವರ್ ಕಲ್ಲು ನೋಡಿದ್ದೀರಲ್ಲ? ಅಂಚಿನಲ್ಲಿ ಮೂಲೆಯಿಂದ ಎದುರು ಮೂಲೆಗೆ ಕತ್ತರಿಸಿ ಕೂರಿಸಿದ ಅರ್ಧ ಕಲ್ಲೇ ಈ ತ್ರಾಪಿಜ್ಯ. ಉದ್ದ ಪಾದ ಉಳಿದ ಬಾಹುಗಳ ಸರಿಯಾಗಿ ಎರಡರಷ್ಟು.

ದೋಷ: ಬೇರೆ ಬೇರೆ ತ್ರಿಭುಜದ ಸಮ ಬಾಹುಗಳನ್ನು ಒಟ್ಟಿಗೆ ಕಟ್ಟುವುದು

ತ್ರಿಭುಜ ಎಬಿಸಿಯಲ್ಲಿ ಎಬಿ = ಎಸಿ. ಎಸಿ ಮೇಲೆ ಡಿ ಬಿಂದು. ಎಡಿ = ಬಿಡಿ = ಬಿಸಿ. "ಮೂರು ಬಾಹು ಸಮ, ಅಂದ್ರ ಎಲ್ಲ 60" ಅಂತ ಬರೆದುಬಿಡುತ್ತಾರೆ. ಆ ಮೂರು ಬಾಹು ಒಂದೇ ತ್ರಿಭುಜದಲ್ಲಿಲ್ಲ. ಒಂದೊಂದು ತ್ರಿಭುಜವನ್ನು ಬೇರೆ ಬರೆದುಕೊಳ್ಳಿ. ಎಬಿಡಿಯಲ್ಲಿ ಎಡಿ = ಬಿಡಿ: ಎ = ಎಬಿಡಿ = ಎಕ್ಸ್. ಕೋನ ಬಿ-ಡಿ-ಸಿ ಅದರ ಬಾಹ್ಯಕೋನ: 2ಎಕ್ಸ್. ತ್ರಿಭುಜ ಬಿಡಿಸಿಯಲ್ಲಿ ಬಿಡಿ = ಬಿಸಿ: ಸಿ ಕೂಡ 2ಎಕ್ಸ್. ಎಬಿ = ಎಸಿ: ಪೂರ್ತಿ ಬಿ ಕೂಡ 2ಎಕ್ಸ್. 5ಎಕ್ಸ್ = 180, ಎಕ್ಸ್ = 36. ಉತ್ತರ 36, 72, 72.

ಎಲ್ಲ ಪರೀಕ್ಷೆ ದಾಟಿಯೂ ಉತ್ತರ ಹೊಂದದಿದ್ದರೆ

ಕೊನೆಗೆ ಪ್ರಶ್ನೆಯನ್ನೇ ಪರೀಕ್ಷಿಸಿ. ಹೋದ ವರ್ಷ ಒಂದು ಅಭ್ಯಾಸ ಪತ್ರಿಕೆ ಬಂದಿತ್ತು: ಸಮದ್ವಿಬಾಹು ತ್ರಿಭುಜದ ಪಾದಕೋನ 95°, ಶೃಂಗ ಎಷ್ಟು? ಒಬ್ಬ ಹುಡುಗ ಅರ್ಧ ಗಂಟೆ ಕೂತು −10 ಅಂತ ಉತ್ತರ ತಂದ, ಮುಖ ಸಪ್ಪಗೆ ಮಾಡಿಕೊಂಡು. ಅವನ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಮೂಲ ಹಾಳೆ ತರಿಸಿ ನೋಡಿದೆವು. ಅಲ್ಲಿ 45 ಇತ್ತು. ಜೆರಾಕ್ಸಿನ ಜೆರಾಕ್ಸಿನಲ್ಲಿ 4ರ ತಲೆ ಕೂಡಿಕೊಂಡು 9 ಆಗಿತ್ತು.